ಪುಡಿಯಿಂದ ವಾಸಿಯಾದವಳು

ಗಂಡ ಎಚ್‌ಐವಿಯಿಂದ ಸತ್ತ ಮೇಲೆ ನನ್ನ ರಕ್ತದಲ್ಲೂ ಅದು ಇದೆಯೆಂದು ಗೊತ್ತಾಯಿತು. ಆದರೆ ನಾನು ಸೊರಗಲಿಲ್ಲ. ಮಾತ್ರೆ ಮುಟ್ಟದೆಯೇ ನಂಜನಗೂಡಿನಲ್ಲಿ ಬಟ್ಟೆ ಹೊಲಿದುಕೊಂಡು ವರ್ಷಗಟ್ಟಲೆ ಗಟ್ಟಿಯಾಗಿದ್ದೆ. ಎಷ್ಟು ಸಲ ಪರೀಕ್ಷಿಸಿದರೂ ವೈರಸ್ ಎಣಿಕೆಗೆ ಸಿಗುತ್ತಿರಲಿಲ್ಲ. ತೀರ ಅಪರೂಪಕ್ಕೆ ಕೆಲವರ ಮೈಯೇ ಅದನ್ನು ಹಿಡಿದಿಡುತ್ತದೆ ಎಂದರು ಡಾಕ್ಟರು.

ಹೆಮ್ಮಿಗೆಯಲ್ಲಿ ನಾಟಿ ಔಷಧಿ ಕೊಡುತ್ತಿದ್ದ ಗಂಡನ ಅಣ್ಣ ಇದನ್ನು ತನ್ನ ಪ್ರತಾಪ ಮಾಡಿಕೊಂಡ. ತಮ್ಮ ಸಾಯುವಾಗ ಹತ್ತಿರ ಸುಳಿಯದೆ, ನನ್ನ ಲೋಟವನ್ನೂ ಬೇರೆ ಇಡಿಸಿದ್ದ ಮನುಷ್ಯ ಈಗ ಜಗಲಿಯಲ್ಲಿ ಕೂತು, "ನಮ್ ತಮ್ಮನ ಎಂಡ್ತಿ ನೋಡಿ, ನಮ್ ಪುಡೀಲೇ ಗುಂಡುಕಲ್ಲಂಗವ್ಳೆ" ಎನ್ನುತ್ತಿದ್ದ. ಆ ಪುಡಿಯನ್ನು ಒಂದೇ ಒಂದು ಸಲ ನಾಲಿಗೆಗೆ ಹಚ್ಚಿ ಉಗಿದಿದ್ದೆ. ಆದರೂ ಸುಮ್ಮನಿದ್ದೆ. ಅದೇ ಮನೆಯಲ್ಲಿ ಈಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿದ್ದರು. ಆ ಮರ್ಯಾದೆ ರುಚಿಸಿತ್ತು. ಆಗಿನ ನನ್ನನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಆಮೇಲೆ ಎಚ್‌ಐವಿ ಇರುವವರೆಲ್ಲರೂ ಮಾತ್ರೆ ನುಂಗಬೇಕೆಂಬ ನಿಯಮ ಬಂತು.

"ವೈರಸ್ಸೇ ಕಾಣಲ್ವಲ್ಲ ಮೇಡಂ, ನಂಗ್ಯಾಕೆ?" ಎಂದೆ.

"ಕಾಣಲ್ಲ ಅಂದ್ರೆ ಇಲ್ಲ ಅಂತಲ್ಲಮ್ಮ," ಎಂದರು ಡಾಕ್ಟರಮ್ಮ. "ಜೀವಕೋಶದೊಳಗೆ ಅವಿತಿರುತ್ತೆ. ಅದನ್ನ ಅದುಮಿಡೋಕೆ ನಿಮ್ ಮೈ ಒಂದೇ ಸಮ ಹೋರಾಡ್ತಿದೆ. ಅದು ಹೃದಯಕ್ಕೆ ಒಳ್ಳೇದಲ್ಲ. ಮಾತ್ರೆ ತಗೊಂಡ್ರೂ ಅವಿತಿರೋದು ಪೂರ್ತಿ ಹೋಗಲ್ಲ. ಆದ್ರೆ ಅದರ ಚಟುವಟಿಕೆ ತಗ್ಗುತ್ತೆ, ಮೈಗೂ ಬಿಡುವು ಸಿಗುತ್ತೆ."

ನುಂಗತೊಡಗಿದೆ. ಕೆಲವು ತಿಂಗಳ ಮೇಲೆ ಅದೇ ಆಸ್ಪತ್ರೆಯ ಬೆಂಚಿನಲ್ಲಿ ಮುಡುಕುತೊರೆ ಕಡೆಯ ಹೆಂಗಸೊಬ್ಬಳು ಪಕ್ಕ ಕೂತಳು. ಮೂಳೆ, ಚಕ್ಕಳ ಅಷ್ಟೇ. ಮಾತ್ರೆ ಬಿಟ್ಟು ಪುಡಿ ತಿಂದಿದ್ದಳು.

"ಎಮ್ಮಿಗೇಲಿ ಒಬ್ರು ಪುಡೀಲೇ ವಾಸಿ ಆಗವ್ರಂತೆ ಕಣಕ್ಕ. ಅದ್ಕೇ ನಂಬ್ದೆ" ಎಂದಳು.

"ಅವ್ಳು ನಾನೇ. ವಾಸಿ ಆಗಿಲ್ಲ" ಎಂದೆ. ಅವಳು ನನ್ನನ್ನು ದಿಟ್ಟಿಸಿ, ಎದ್ದು ಬೇರೆ ಬೆಂಚಿಗೆ ಹೋದಳು.

ಮರುದಿನವೇ ಹೆಮ್ಮಿಗೆಗೆ ಹೋದೆ. ಜಗಲಿಯಲ್ಲಿ ನಾಲ್ವರು ಔಷಧಿಗೆ ಕಾದಿದ್ದರು. ಭಾವನ ಕೈಯಲ್ಲೇ ನೀರು ತರಿಸಿಕೊಂಡು, ಎಲ್ಲರೆದುರು ಮಾತ್ರೆ ನುಂಗಿದೆ.

"ಈ ಪುಡಿ ನಾನ್ ತಿಂದೇ ಇಲ್ಲ. ಕಾಯ್ಲೆ ಇನ್ನೂ ನನ್ ಮೈಯಲ್ಲೇ ಅದೆ."

"ಈವಮ್ಮಂಗೆ ತಲೆ ಕೆಟ್ಟದೆ" ಎಂದ ಭಾವ, ಯಾರ ಮುಖವನ್ನೂ ನೋಡದೆ.

ಇಬ್ಬರು ಎದ್ದು ಹೋದರು. ಉಳಿದಿಬ್ಬರು ಕದಲಲಿಲ್ಲ. ಅಂಥವರು ಇರುವತನಕ ಅವನ ಜಗಲಿ ಖಾಲಿಯಾಗುವುದಿಲ್ಲ.

ಮುಡುಕುತೊರೆಯವಳು ಮತ್ತೆ ಮಾತ್ರೆ ಹಿಡಿದಿದ್ದಾಳೆ, ಮೈ ತುಂಬಿಕೊಳ್ಳುತ್ತಿದೆ. ಆಸ್ಪತ್ರೆಯಲ್ಲಿ ಎದುರಾದರೆ ಈಗಲೂ ಮಾತಾಡಿಸುವುದಿಲ್ಲ. ಅವಳ ಜಾಗದಲ್ಲಿದ್ದಿದ್ದರೆ ನಾನೂ ಮಾತಾಡಿಸುತ್ತಿರಲಿಲ್ಲ.