ಅಚ್ಚಿನಲ್ಲಿ ಉಳಿದ ಹೆಸರು

ಬಂತೂಲ್ ಕಡೆಯ ಆ ಕೇರಿಯಲ್ಲಿ ಯಾರು ಸತ್ತರೂ ಸುದ್ದಿ ಮೊದಲು ಬರುವುದು ತುಕಿಜಾನನ ಫೋನಿಗೆ. ಅವನು ಬರೆದು ಕಳಿಸಬೇಕು, ಜುಮಾದಿ ಅದನ್ನು ಮಸೀದಿಯ ಮೈಕಿನಲ್ಲಿ ಓದಬೇಕು, ಓದಿದ್ದು ಕಿವಿಗೆ ಬಿದ್ದ ಮೇಲೆ ಹೆಂಗಸರು ಅಕ್ಕಿ ಹಿಡಿದು, ಗಂಡಸರು ಗುದ್ದಲಿ ಹಿಡಿದು ಆ ಮನೆಗೆ ಹೊರಡಬೇಕು.

ಹಿಂದೆ ಅವನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಅಚ್ಚುಕೂಟ ಮುಚ್ಚಿದರೂ ಅಚ್ಚಿನ ಹುಚ್ಚು ಬಿಡಲಿಲ್ಲ. ಫೋನಿನ ಟಿಪ್ಪಣಿ ಆ್ಯಪಿನಲ್ಲಿ ಕೇರಿ ಗುಡಿಸುವ ದಿನಕ್ಕೊಂದು, ಮದುವೆ ಅಡುಗೆಗೆ ಜನ ಕರೆಯಲು ಒಂದು, ಸಾವಿಗೊಂದು ಅಚ್ಚು ಮಾಡಿಟ್ಟ. ಮೂಲವನ್ನು ಮುಟ್ಟಕೂಡದು, ನಕಲು ತೆಗೆದು, ಚುಕ್ಕೆಗಳಿದ್ದಲ್ಲಿ ಹೆಸರು, ವಯಸ್ಸು, ಮಣ್ಣು ಮಾಡುವ ಹೊತ್ತು ತುಂಬಬೇಕು. ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿ ತಲೆ ತಿನ್ನುತ್ತಿದ್ದ.

ಹೆಂಡತಿ ಪೋನಿರಾಗೆ ಇದೆಲ್ಲ ನಗೆಪಾಟಲು. "ಊರೋರ ಸಾವಿಗೆಲ್ಲ ಅಂಗಿ ಹೊಲಿದಿಟ್ಟಿದೀರಲ್ರೀ, ನನ್ನ ಅಳತೆದೂ ಒಂದಿದ್ಯಾ?"

"ನಿನಗ್ಯಾಕೆ? ಮೊದ್ಲು ಹೋಗೋನು ನಾನು. ನೀನು ತುಂಬೋದು ಕಲ್ಕೋ, ಸಾಕು."

ಅವಳು ಕಲಿಯಲಿಲ್ಲ. ಹೋದ ವರ್ಷ ಅವಳೇ ಮೊದಲು ಹೋದಳು. ಬೇರೆಯವರು ಬರೆಯುತ್ತೇವೆಂದರೂ ಕೇಳದೆ ತಾನೇ ಫೋನ್ ಹಿಡಿದ. ಕಣ್ಣು ಮಂಜಾಗಿತ್ತು. ನಕಲು ತೆಗೆಯುವುದನ್ನು ಮರೆತು ಮೂಲದಲ್ಲೇ ಅವಳ ಹೆಸರು ಬರೆದುಬಿಟ್ಟ.

ಅಲ್ಲಿಂದ ಮುಂದೆ ಯಾರದೇ ಸಾವಿಗೆ ಹೊಸ ನಕಲು ತೆಗೆದರೂ ಮೊದಲು ಕಾಣುವುದು ಪೋನಿರಾಳ ಹೆಸರು. ಕೇರಿಯ ಮುಖ್ಯಸ್ಥೆ ಸುಮಿನಿ ಅದನ್ನು ನೋಡಿ, ಮೂಲವನ್ನೇ ಸರಿಮಾಡಿ ಎಂದಳು. ಮಾಡುತ್ತೇನೆ ಅಂದ, ಮಾಡಲಿಲ್ಲ. ಅಲ್ಲಿಂದಲೂ ಅಳಿಸಿದರೆ ಅವಳು ಪೂರ್ತಿ ಹೋದ ಹಾಗೆ ಅನ್ನಿಸುತ್ತಿತ್ತು. ಪ್ರತಿ ಸಲ ನಕಲಿನಲ್ಲಷ್ಟೇ ಅಳಿಸುತ್ತಿದ್ದ. ಬೇರೆಯವರ ಮನೆಯ ಸಾವಿನ ನಡುವೆ ತನ್ನ ಹೆಂಡತಿಯನ್ನು ಒಂದು ಗಳಿಗೆ ನೋಡಿಕೊಳ್ಳುವುದು ಸ್ವಾರ್ಥವೇ ಸರಿ. ಆದರೆ ಹೊಟ್ಟೆಯ ಸಂಕಟಕ್ಕೆ ನ್ಯಾಯ ಯಾರು ಹೇಳಬೇಕು?

ಮೊನ್ನೆ ಬಾವಿ ತೋಡುವ ವಾಗಿಮಿನ್ ತೀರಿಕೊಂಡ. ಬೆಳಗ್ಗೆಯೇ ಮಣ್ಣು ಮಾಡುವ ಅವಸರ. ತುಕಿಜಾನ್ ವಯಸ್ಸು ಬದಲಿಸಿದ, ಹೊತ್ತು ಬದಲಿಸಿದ, ಹೆಸರು ಬದಲಿಸಲು ಮರೆತ. ಜುಮಾದಿ ಬಂದದ್ದನ್ನು ಬಂದ ಹಾಗೆ ಓದಿದ. ಮೈಕಿನಲ್ಲಿ ಪೋನಿರಾ ಇನ್ನೊಮ್ಮೆ ಸತ್ತಳು.

ಜುಮಾದಿ ನಾಲಿಗೆ ಕಚ್ಚಿಕೊಂಡು ತಿದ್ದಿ ಓದಿದ. ತುಕಿಜಾನ್ ಓಡಿಹೋಗಿ ವಾಗಿಮಿನ್‌ನ ಮಗನ ಕೈ ಹಿಡಿದು ತಪ್ಪಾಯಿತು ಅಂದ. ಆ ಮಗ ಒಳ್ಳೆಯವನು, ಇರಲಿ ಬಿಡಿ ಅಂದ. ಮನೆಗೆ ತಿರುಗಿ ಬಂದರೆ ಜಗಲಿಯ ಮೇಲೆ ಪೋನಿರಾಳ ಅಕ್ಕ ಲೆಗಿಯೆಮ್ ಕೂತಿದ್ದಳು. ಅವಳಿಗೆ ಮರೆವಿನ ಕಾಯಿಲೆ. ತಂಗಿ ಹೋದದ್ದೂ ತಾನು ಅತ್ತದ್ದೂ ನೆನಪಿಲ್ಲ. ಮಡಿಲಲ್ಲಿ ಅಕ್ಕಿಯ ಗಂಟು ಇಟ್ಟುಕೊಂಡು ಬಿಕ್ಕುತ್ತಿದ್ದಳು.

"ಒಡಹುಟ್ಟಿದವಳು ಹೋದದ್ದು ನಂಗೆ ಮೈಕಲ್ಲಿ ಗೊತ್ತಾಗ್ಬೇಕೇನೋ? ನಡಿ, ಒಂದ್ಸಲ ಮುಖ ತೋರ್ಸು."

ತುಕಿಜಾನ್ ಉಳಿಸಿಕೊಂಡ ಹೆಸರು ಈ ಮುದುಕಿಯ ತಂಗಿಯನ್ನು ಮತ್ತೆ ಸಾಯಿಸಿತ್ತು. ಅವಳ ಪಕ್ಕದಲ್ಲಿ ಕೂತು ಫೋನಿನಲ್ಲಿ ಮೂಲವನ್ನು ತೆರೆದ. ಹೆಸರನ್ನು ಕೊನೆಯಿಂದ ಒಂದೊಂದೇ ಅಕ್ಷರವಾಗಿ ಅಳಿಸಿ, ಮೊದಲಿದ್ದ ಹಾಗೆ ಚುಕ್ಕೆ ಇಟ್ಟ.

"ಯಾವಾಗ ಹೋದ್ಳೋ?" ಲೆಗಿಯೆಮ್ ಕೇಳಿದಳು.

"ಈಗ ಹೋದ್ಳು, ಅಕ್ಕಾ," ಎಂದು ತುಕಿಜಾನ್ ಅವಳ ಕೈಯಿಂದ ಅಕ್ಕಿ ಈಸಿಕೊಂಡ.