ಒಂದೇ ಸಲ ಕೂಗಿದವನು

ಹಳೆಯ ಕಂಪ್ಯೂಟರನ್ನು ಬಹಳ ದಿನದ ಮೇಲೆ ಚಾಲೂ ಮಾಡಿದರೆ ಒಳಗಿನ ಧೂಳು ಬಿಸಿಯಾಗಿ ಒಂದು ವಾಸನೆ ಹೊರಡುತ್ತದೆ. ನಮ್ಮ ಮನೆಯಲ್ಲಿ ಆ ವಾಸನೆಗೆ ‘ಗುಜರಿಯವನನ್ನು ಕರೆಯಿರಿ’ ಎಂದು ಅರ್ಥ. ಮೊನ್ನೆ ಅದು ಮೂಗಿಗೆ ಬಡಿದಾಗ ನನಗೆ ಮಾತ್ರ ಹಿಂದೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ರುದ್ರೇಶ ನೆನಪಾದ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಯಾದವಗಿರಿಯ ಬಂಗಲೆಯೊಂದರ ಊಟದ ಕೋಣೆಯೇ ನಮ್ಮ ಆಫೀಸು. ಅಲ್ಲಿ ನಾವಿಬ್ಬರೂ ಅಂಗಡಿಗಳಲ್ಲಿ ಬಿಲ್ಲು ಹಾಕುವ ಯಂತ್ರಕ್ಕೆ ಕೋಡ್ ಬರೆಯುತ್ತಿದ್ದೆವು. ಏನು ಕೆಲಸ ಎಂದು ಕೇಳುವ ನೆಂಟರಿಗೆ ವಿವರಿಸಿ ಸಾಕಾಗಿ, ಕೊನೆಗೆ ಟೈಪಿಂಗ್ ಎಂದುಬಿಡುತ್ತಿದ್ದೆ. ನಿಮಗೆ ಅಷ್ಟು ಮೋಸ ಮಾಡಲಾರೆ. ಯಂತ್ರದಲ್ಲಿ ಮೊದಲು ಏಳುವುದು ಕರ್ನೆಲ್, ಅಂದರೆ ಮನೆಯ ಯಜಮಾನ. ಈ ಯಜಮಾನನಿಗೆ ದಿನಾ ಬೆಳಿಗ್ಗೆ ಎಲ್ಲವೂ ಮರೆತುಹೋಗಿರುತ್ತದೆ. ತನ್ನ ಮನೆಯಲ್ಲಿ ಪರದೆ ಇದೆಯೇ, ಗಡಿಯಾರ ಇದೆಯೇ, ಪ್ರಿಂಟರ್ ಯಾವ ಮೂಲೆಯಲ್ಲಿದೆ, ಒಂದೂ ತಿಳಿಯದು. ಅದೆಲ್ಲ ಗೊತ್ತಿರುವುದು ಚಿಪ್ಪಿನೊಳಗೆ ಕೂತ ಫರ್ಮ್‌ವೇರ್ ಎಂಬ ಮುದುಕಿಗೆ. ಯಜಮಾನ ಕೂಗಿ ಕೇಳಬೇಕು, ಮುದುಕಿ ‘ಇದ್ದಾರೆ, ಇಂಥ ಕಡೆ’ ಎನ್ನಬೇಕು.

ಈ ಕೇಳುವ ಕೋಡನ್ನು ಬರೆದವನು ರುದ್ರೇಶ. ಪರದೆಗೆ ಒಂದು ಬಗೆಯಲ್ಲಿ ಕೇಳಿದರೆ ಗಡಿಯಾರಕ್ಕೆ ಇನ್ನೊಂದು ಬಗೆ, ಪ್ರಿಂಟರಿಗೆ ಮತ್ತೊಂದು. ಸಾಲದೆಂದು ಪ್ರತಿಯೊಂದನ್ನೂ ಮೂರು ಸಲ ಕೂಗುವುದು. ಮೂರು ಸಲವೂ ಓಗೊಟ್ಟರೆ ಉಂಟು, ಒಂದು ಸಲ ತಪ್ಪಿದರೂ ಇಲ್ಲ. ಕರೆಂಟು ಹದಕ್ಕೆ ಬರುವ ಮೊದಲು ಚಿಪ್ಪು ಏನೇನೋ ಬಡಬಡಿಸುತ್ತದೆ ಎಂದು ಮೊದಲು ಇಂಜಿನಿಯರಾಗಿ ಕಾರಣ ಹೇಳುತ್ತಿದ್ದ. ಆಮೇಲೆ ತನ್ನ ಊರಾದ ಇಲವಾಲದವನಾಗಿ ಹೇಳುತ್ತಿದ್ದ.

“ಒಂದ್ ಕೂಗ್ನ ನಂಬಬಾರ್ದು ಕಣೋ. ಮೂರ್ ಸಲ ಕೂಗಿದ್ರೆ ಮನ್ಸ. ಒಂದೇ ಸಲ ಕೂಗಿ ಸುಮ್ಕಾದ್ರೆ ಅದು ಮನ್ಸ ಅಲ್ಲ.”

ನಮ್ಮ ಕಡೆಯ ನಂಬಿಕೆ ಅದು. ದೀಪ ಹಚ್ಚುವ ಹೊತ್ತಿನಲ್ಲಿ ಹೊರಗಿನಿಂದ ಯಾರು ಕರೆದರೂ ಮೂರನೆಯ ಕೂಗಿನವರೆಗೆ ಮಾತಾಡಬಾರದು. ನನ್ನ ಅಮ್ಮ ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದರೆಂದರೆ, ಸಂಜೆ ಬರುವ ಹೂವಿನವಳ ಗಂಟಲು ನಮ್ಮ ಬೀದಿಯಲ್ಲೇ ಕಟ್ಟಿತು.

ನಮ್ಮ ಯಂತ್ರ ಏಳುವುದಕ್ಕೆ ತಡವಾಗುತ್ತಿದ್ದುದು ಈ ಮೂರು ಕೂಗಿನಿಂದಲೇ. ದೇವರಾಜ ಮೊಹಲ್ಲಾದ ವರ್ತಕರೊಬ್ಬರು ಬೆಳಿಗ್ಗೆ ದೇವರ ಪಟದ ಜೊತೆ ಯಂತ್ರಕ್ಕೂ ಊದುಬತ್ತಿ ಬೆಳಗುವವರು. ಬತ್ತಿ ಉರಿದು ಬೂದಿಯಾದರೂ ಇದು ಕಣ್ಣು ಬಿಡುವುದಿಲ್ಲ ಎಂದು ದೂರಿದರು. ಸರಳ ಮಾಡೋಣ ಎಂದು ರುದ್ರೇಶ ಒಪ್ಪಿದ. ಒಪ್ಪಿದ್ದಷ್ಟೇ. ಹುಣಸೂರು ರಸ್ತೆಯಲ್ಲಿ ಅವನ ಸ್ಕೂಟರಿಗೆ ಲಾರಿ ಬಡಿದು, ಕೆಲಸ ನನ್ನ ಪಾಲಿಗೆ ಬಂತು.

ಸತ್ತವನ ಬಟ್ಟೆ ಮಡಿಸಿ ಎತ್ತಿಡುವ ಕೆಲಸದ ಹಾಗಿತ್ತು ಅದು. ಅವನ ಹತ್ತಾರು ಬಗೆಯ ಪ್ರಶ್ನೆಗಳನ್ನು ತೆಗೆದು ಒಂದನ್ನೇ ಬರೆದೆ: ಯಾರ್ಯಾರಿದ್ದೀರಿ? ಅದನ್ನೂ ಒಂದೇ ಸಲ ಕೇಳುವುದು. ಒಂದು ಮಧ್ಯಾಹ್ನ ಚಾಲೂ ಮಾಡಿದೆ. ಯಂತ್ರ ಥಟ್ಟನೆ ಎದ್ದಿತು. ಪರದೆ, ಗಡಿಯಾರ, ಪ್ರಿಂಟರ್ ಎಲ್ಲವೂ ಓಗೊಟ್ಟವು. ಅವುಗಳ ಕೆಳಗೆ ಇನ್ನೂ ಒಂದು ಸಾಲು ಮೂಡಿತು. ಹೆಸರಿಲ್ಲ, ಜಾಗವಿಲ್ಲ, ಇದ್ದೇನೆ ಎಂಬಷ್ಟೇ ಉತ್ತರ. ಯಂತ್ರದ ಬೋರ್ಡನ್ನು ತಿರುಗಿಸಿ ಮಗುಚಿ ನೋಡಿದೆ. ಅಂಥ ಭಾಗವೇ ಇರಲಿಲ್ಲ. ಆರಿಸಿ ಮತ್ತೆ ಹಾಕಿದಾಗ ಆ ಸಾಲೂ ಇರಲಿಲ್ಲ. ಚಿಪ್ಪಿನ ದೋಷ, ಅಂಥದ್ದು ಕಂಡರೆ ಅಳಿಸುವಂತೆ ಬರೆದುಬಿಡು ಎಂದರು ಆಫೀಸಿನ ಯಜಮಾನರು. ನಾನೂ ಹೂಂ ಎಂದೆ.

ಆ ವಾರವೇ ಇಲವಾಲಕ್ಕೆ ಹೋದೆ. ರುದ್ರೇಶನ ತಾಯಿ ಗೌರಮ್ಮ ಮಗಳ ಜೊತೆ ಇದ್ದರು. ಮಗಳು ನನ್ನನ್ನು ಹಿತ್ತಲಿಗೆ ಕರೆದು ಸಂಗತಿ ಹೇಳಿದಳು. ತಿಥಿ ಕಳೆದಾಗಿನಿಂದ ದಿನಾ ದೀಪ ಹಚ್ಚುವ ಹೊತ್ತಿಗೆ ಬೇಲಿಯ ಕಡೆಯಿಂದ ಮಗ ‘ಅವ್ವಾ’ ಎಂದು ಕರೆಯುತ್ತಾನಂತೆ. ಒಂದೇ ಸಲ. ಓಗೊಟ್ಟರೆ ತಾಯಿಯನ್ನೂ ಕರೆದುಕೊಂಡು ಹೋಗುತ್ತಾನೆಂದು ಹೆದರಿ ಇವಳು, ಓಗೊಡಬಾರದೆಂದು ಅವರಿಂದ ಆಣೆ ಹಾಕಿಸಿಕೊಂಡಿದ್ದಳು. ಆ ಹೊತ್ತಿಗೆ ಗೌರಮ್ಮ ಬಾಯಿಗೆ ಸೆರಗು ತುರುಕಿಕೊಂಡು ಕೂರುತ್ತಿದ್ದರು, ಊಟವನ್ನೂ ಬಿಟ್ಟಿದ್ದರು.

“ನೀವು ಓದ್ದೋರು. ಅಂಗೆಲ್ಲ ಏನೂ ಇಲ್ಲ ಅಂತ ಒಂದ್ ಮಾತು ಹೇಳ್ಬುಡಿ,” ಎಂದಳು.

ಹೇಳಲು ಕೂತೆ. ಕಿವಿಯ ಭ್ರಮೆ ಎಂದೆ. ನನ್ನ ಯಂತ್ರದಲ್ಲೂ ಇಲ್ಲದ್ದೊಂದು ಇದ್ದೇನೆ ಎಂದಿತು, ಅಂಥದ್ದನ್ನು ನಂಬಬಾರದೆಂದೇ ನಿಮ್ಮ ಮಗ ಮೂರು ಸಲ ಕೇಳುತ್ತಿದ್ದ ಎಂದೆ. ಮಗ ಬರೆದದ್ದರ ಸುದ್ದಿಯೆಂದು ಗೌರಮ್ಮ ಕಣ್ಣರಳಿಸಿ ಕೇಳಿದರು. ಒಳಗೆ ಮಗಳು ದೀಪ ಹಚ್ಚಿದಳು.

“ಅವ್ವಾ.”

ಬೇಲಿಯ ಕಡೆಯಿಂದ. ಅವನದೇ ದನಿ. ನನಗೂ ಕೇಳಿಸಿತು.

ಎರಡನೆಯ ಕೂಗಿಗೆ ಕಾದೆ. ನಾನು ಓದಿದ್ದೆಲ್ಲ ಆ ಎರಡನೆಯ ಕೂಗಿಗಾಗಿ ಕಿವಿ ನಿಮಿರಿಸಿ ಕೂತಿತ್ತು. ಬರಲಿಲ್ಲ. ಗೌರಮ್ಮ ನನ್ನ ಮುಖ ನೋಡಿದರು. ಕೇಳಿಸಲಿಲ್ಲವೆಂದು ಸುಳ್ಳು ಹೇಳಲು ನನ್ನ ಮುಖಕ್ಕೆ ಆಗಲಿಲ್ಲ.

“ಬದುಕಿರೋರ್ಗೆ ಮೂರ್ ಸಲ ಕೂಗಕ್ಕೆ ಉಸ್ರಿರ್ತದೆ ಕಣಪ್ಪ,” ಎಂದರು. “ಅವನ್ಗೆ ಎಲ್ಲಿಂದ ಬಂದಾತು? ಇರೋದೇ ಒಂದ್ ಕೂಗು.”

ಸೆರಗು ಕೊಡವಿ ಎದ್ದು ಬಾಗಿಲಿಗೆ ಹೋದರು. “ಬಂದೆ ಕಣ್ ಮಗಾ,” ಎಂದರು. ಮಗಳು ಓಡಿಬಂದು ಅವರ ಸೊಂಟ ತಬ್ಬಿ ಹಿಡಿದಳು. ಬೇಲಿಯಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಬಂದ ಗೌರಮ್ಮ, ಹಸಿವಾಯ್ತದೆ, ಮುದ್ದೆ ಇಕ್ಕು ಎಂದರು. ಆಮೇಲೆ ಕೂಗು ಬರಲಿಲ್ಲವಂತೆ. ಅವರು ಬಹಳ ವರ್ಷ ಬದುಕಿ, ಎಲ್ಲರಿಗೂ ಬರುವಂಥ ಜ್ವರದಲ್ಲಿ ಹೋದರು.

ಯಂತ್ರದಲ್ಲಿ ಕಂಡದ್ದು ಚಿಪ್ಪಿನ ದೋಷವೆಂದೇ ಇವತ್ತಿಗೂ ಹೇಳುತ್ತೇನೆ. ಆದರೆ ಆ ಹೆಸರಿಲ್ಲದ ಸಾಲನ್ನು ಅಳಿಸುವ ಕೋಡನ್ನು ನಾನು ಬರೆಯಲೇ ಇಲ್ಲ.

ಮೊನ್ನೆ ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ಸಂಜೆಯಾಗಿತ್ತು. ಗೇಟಿನ ಕಡೆಯಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಕೊರಿಯರಿನವನಿರಬೇಕು, ಇನ್ನೊಂದು ಸಲ ಕೂಗಲಿ ತಾಳಿ ಎಂದಳು ಹೆಂಡತಿ.

ನಾನು ಕಾಯಲಿಲ್ಲ. ಬಂದೆ ಎಂದು ಎದ್ದೆ.