ಗಿರಿಜಾಳ ಕಂಪ್ಯೂಟರಿನಲ್ಲಿ ಪಾಸಾದ ಟೆಸ್ಟು

ಕಂಪ್ಯೂಟರು ಇಲ್ಲದ್ದನ್ನು ಇದೆ ಎನ್ನುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದವನು ನಾನು. ನೀವು ನಂಬಲೇಬೇಕು ಅಂತೇನಿಲ್ಲ. ಆದದ್ದನ್ನು ಹೇಳುತ್ತೇನೆ.

ನಾನಿರುವುದು ಅರಸೀಕೆರೆಯಲ್ಲಿ, ನಮ್ಮ ಕೊಬ್ಬರಿ ಮಂಡಿಯ ಮೇಲಿನ ಕೋಣೆಯಲ್ಲಿ. ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಓಡಿಸುವ ರನ್‌ಟೈಮ್ ಎಂಬ ತಂತ್ರಾಂಶಕ್ಕೆ ಟೆಸ್ಟ್ ಬರೆಯುವುದು ಕೆಲಸ. ರನ್‌ಟೈಮ್ ಸರಿಯಿದೆಯೋ ಇಲ್ಲವೋ ಎಂದು ತಾನಾಗಿ ಪರೀಕ್ಷಿಸುವ ಪುಟ್ಟ ಪ್ರೋಗ್ರಾಮುಗಳವು. ಯಾರ ಕಂಪ್ಯೂಟರಿನಲ್ಲಿ ಓಡಿಸಿದರೂ ಒಂದೇ ಉತ್ತರ ಬರಬೇಕು. ಬರೆದವನ ಮನೆಯ ಗುರುತು ಅದರಲ್ಲಿರಬಾರದು. ಬೇಲೂರಿನ ಚಿಕ್ಕಮ್ಮನ ಮಗಳು ಗಿರಿಜಾಳಿಗೆ ಇದನ್ನೆಲ್ಲ ಕಲಿಸಿ ತಂಡಕ್ಕೆ ಸೇರಿಸಿದವನೂ ನಾನೇ.

ಅವಳೊಮ್ಮೆ ತನ್ನ ಕಂಪ್ಯೂಟರಿನಲ್ಲಿ ಮಾತ್ರ ಇದ್ದ ಫೋಲ್ಡರಿನ ಹೆಸರನ್ನು ಟೆಸ್ಟಿನೊಳಗೆ ಬರೆದುಬಿಟ್ಟಳು. ಉಳಿದವರ ಹತ್ತಿರವೆಲ್ಲ ಫೇಲ್. ತಂಡದವರೆಲ್ಲ ಫೋನಿನಲ್ಲಿ ಸೇರಿದ್ದಾಗ ನಾನು, "ಇವಳ ಟೆಸ್ಟು ಬೇಲೂರು ಬಿಟ್ಟು ಆಚೆ ಬರಲ್ಲ ಕಣ್ರೀ" ಅಂದೆ. ಎಲ್ಲರೂ ನಕ್ಕರು. ಮಾರನೆಯ ದಿನ ಚಿಕ್ಕಮ್ಮನ ಫೋನು: "ಏನಂದ್ಯಪ್ಪಾ ಅವಳಿಗೆ? ಕೆಲ್ಸಾನೇ ಬ್ಯಾಡ ಅಂತ ಕುಂತವ್ಳೆ."

ತಪ್ಪೊಪ್ಪಿಕೊಂಡು ಅವಳನ್ನು ಉಳಿಸಿಕೊಳ್ಳೋಣವೆಂದೇ ಬಸ್ ಹತ್ತಿದೆ. ಹಳೇಬೀಡು ದಾಟುವವರೆಗೂ ಮಾತು ಜೋಡಿಸಿಕೊಂಡೆ. ಮನೆ ಹೊಕ್ಕ ಮೇಲೆ ಬಾಯಿಂದ ಬಂದದ್ದೇ ಬೇರೆ: "ಬಾರೇ, ಟೆಸ್ಟ್ ಹೆಂಗೆ ಬರೀಬೇಕು ತೋರಿಸ್ತೀನಿ." ನನ್ನ ಹೊಸ ಟೆಸ್ಟನ್ನು ಅವಳ ಕಂಪ್ಯೂಟರಿಗೆ ಹಾಕಿ ಓಡಿಸಿದೆ. ಪಾಸಾಯಿತು.

ಗಿರಿಜಾ ನಾನು ಬರೆದದ್ದನ್ನು ಓದುತ್ತಾ ನಿಂತಳು. "ಅಣ್ಣ, ಇದ್ರಲ್ಲಿ ನಿನ್ನ ಫೋಲ್ಡರೇ ಇದೆಯಲ್ಲ?"

ಇತ್ತು. ನನ್ನ ಹೆಸರಿನ ಫೋಲ್ಡರಿಗೆ ಹೋಗಿ ಅಲ್ಲಿನ ಫೈಲನ್ನು ಓದು ಎಂದು ನಾನೇ ಬರೆದಿದ್ದೆ. ಅವಳು ಮಾಡಿದ ತಪ್ಪೇ. ಥೂ, ಮುಖ ಎಲ್ಲಿಟ್ಟುಕೊಳ್ಳಲಿ! ಆದರೆ ಆ ಫೋಲ್ಡರು ಅವಳ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ. ಇಬ್ಬರೂ ಹುಡುಕಿದೆವು. ನೆಟ್ ತೆಗೆದು ಓಡಿಸಿದೆವು, ಪಾಸ್. ಫೋಲ್ಡರಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿದರೆ ಫೇಲ್, ಮೊದಲಿನಂತೆ ಮಾಡಿದರೆ ಮತ್ತೆ ಪಾಸ್. ಏನು ಓದಿದೆ ತೋರಿಸು ಎಂದು ಕಂಪ್ಯೂಟರನ್ನು ಕೇಳಿದರೆ, ಅರಸೀಕೆರೆಯಲ್ಲಿ ನಾನು ಟೈಪ್ ಮಾಡಿಟ್ಟಿದ್ದ ಸಾಲೇ ಪರದೆಯ ಮೇಲೆ ಬಂತು.

"ನಿಂದು ಎಲ್ಲಿ ಬೇಕಾದ್ರೂ ಓಡುತ್ತೆ ಬಿಡಣ್ಣ" ಅಂದಳು. ಕುಹಕವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸೋತು ಹೇಳಿದಳು. ಚಿಕ್ಕಮ್ಮ ಬಡಿಸಿದ ಮುದ್ದೆಯನ್ನು ತಲೆ ತಗ್ಗಿಸಿ ಉಂಡು ಬಂದೆ.

ಊರಿಗೆ ಬಂದು, ನನ್ನನ್ನೂ ನೋಡಿ ನಗಲಿ ಎಂದು, ಏನನ್ನೂ ತಿದ್ದದೆ, ಅದೇ ಟೆಸ್ಟನ್ನು ತಂಡದವರಿಗೆಲ್ಲ ಕಳಿಸಿದೆ. ಎಲ್ಲರ ಹತ್ತಿರವೂ ಫೇಲ್. ನಾನು ಹಿರಿಯನಲ್ಲವೇ, ಯಾರೂ ನಗಲಿಲ್ಲ. ಅಷ್ಟರಲ್ಲಿ ಗಿರಿಜಾ ಕೆಲಸ ಬಿಟ್ಟಿದ್ದಳು.

ಇದಾಗಿ ವರ್ಷಗಳಾದವು. ಅವಳ ಮನೆಯಲ್ಲಿ ಮಾತ್ರ ಅದು ಯಾಕೆ ಪಾಸಾಯಿತೋ ಇವತ್ತಿಗೂ ತಿಳಿಯದು. ಅಲ್ಲೂ ಫೇಲಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು, ನಾನೂ ತಪ್ಪಾಯ್ತು ಕಣೇ ಅನ್ನುತ್ತಿದ್ದೆ. ಅನ್ನುತ್ತಿದ್ದೆನೇ? ಅದೂ ತಿಳಿಯದು.